ನೋಲನ್ ಮನೆಗೆ ಐದು ಕಾಗದ

ಸೋಮವಾರ, ಜನವರಿ 12, 2009

ಆಗ್ನೆಸ್ ಪೆನ್ನೆಲ್ ಅಂಚೆ ಕಚೇರಿಗೆ ಬೀಗ ಹಾಕಿಕೊಂಡು ನೇರ ನನ್ನ ಅಡುಗೆಮನೆಗೆ ಬಂದಳು. ಬೂಟು ಬಿಚ್ಚಲಿಲ್ಲ. ಬೂಟು ಬಿಚ್ಚದೆ ಬಂದಳೆಂದರೆ ಏನೋ ಕೇಳುವುದಕ್ಕೆ ಬಂದಿದ್ದಾಳೆ, ಒಲ್ಲೆ ಅಂದರೆ ಜಗಳಕ್ಕೂ ತಯಾರಾಗಿದ್ದಾಳೆ ಅಂತ ಅರ್ಥ.

ಈ ಜುಲೈಗೆ ನಮ್ಮ ಈ ಕಡಲದಂಡೆಯ ಊರು ಡಾಗ್‌ಬೆರಿ ಕೋವ್‌ನಲ್ಲಿ ಮತ್ತೆ ‘ಊರಿಗೆ ಬನ್ನಿ ವರ್ಷ’. ಊರು ಬಿಟ್ಟು ಹೋದವರಿಗೆಲ್ಲ ಕಾಗದ ಬರೆದು ಒಂದು ವಾರ ಕರೆಸಿಕೊಳ್ಳಬೇಕು. ವಿಳಾಸಗಳೆಲ್ಲ ಹಳೆಯ ಕಂಪ್ಯೂಟರಿನ ಡೇಟಾಬೇಸಿನಲ್ಲಿವೆ. ಅದನ್ನು ನಡೆಸಲು ಬರುವುದು ನನಗೊಬ್ಬಳಿಗೆ. ಮೀನು ಕಾರ್ಖಾನೆಯ ಆಫೀಸಿನಲ್ಲಿ ಇಪ್ಪತ್ತು ವರ್ಷ ಕೂತ ತಪ್ಪಿಗೆ.

ಆಗುವುದಿಲ್ಲ ಅಂದೆ. ಕಾರಣ ಅವಳಿಗೇ ಗೊತ್ತು. ಹತ್ತು ವರ್ಷದ ಹಿಂದೆ ಕಾಗದ ಕಳಿಸಿದವಳೂ ನಾನೇ. ನನ್ನ ತವರು ನೋಲನ್ ಮನೆ. ಆ ಸಲ ನೋಲನ್ನರಿಗೆ ಒಬ್ಬೊಬ್ಬರಿಗೂ ಐದೈದು ಕಾಗದ ಹೋದವು. ಓ'ಡೀ, ಓ'ಡ್ರಿಸ್ಕಾಲ್, ಓ'ಕೀಫ್, ಓ'ಲಿಯರಿ, ಈ ನಾಲ್ಕು ಮನೆತನಕ್ಕೆ ಒಂದೂ ಹೋಗಲಿಲ್ಲ. ನಮ್ಮಜ್ಜನಿಗೂ ಅವರ ಹಿರಿಯರಿಗೂ ಬಲೆ ಹಾಕುವ ಜಾಗದ ಜಗಳವಿತ್ತು. ಊರಿಗೆ ಅಷ್ಟು ಸಾಕಾಯಿತು. ನಾನು ಗುಂಡಿ ಒತ್ತಿದೆ, ಅದು ಅಚ್ಚು ಹಾಕಿತು, ಶಾಲೆಯ ಮಕ್ಕಳು ವಿಳಾಸದ ಚೀಟಿ ಅಂಟಿಸಿದರು ಅಂದರೆ ಯಾರೂ ನಂಬಲಿಲ್ಲ. ಬಾಯಿಬಿಟ್ಟು ಬೈದವರಿಲ್ಲ. ಇಸ್ಪೀಟಿಗೆ ಕರೆಯುವುದನ್ನು ನಿಲ್ಲಿಸಿದರು, ಅಷ್ಟೇ. ನನ್ನ ಗಂಡ ಲಿಯೊ ಟೋಬಿನ್ ಬದುಕಿರುವಷ್ಟು ದಿನ ಅದು ಅಷ್ಟಾಗಿ ತಟ್ಟಲಿಲ್ಲ. ಅವನು ಹೋಗಿ ಆರು ವರ್ಷ.

“ಆ ಪೆಟ್ಟಿಗೆ ಮುಟ್ಟೋಕೆ ಬೇರೆ ಯಾರಿಗೂ ಧೈರ್ಯ ಇಲ್ಲ ಕಣೇ ಬರ್ನಡೀನ್. ಮಾರ್ಚ್‌ನಲ್ಲಿ ಸೇಂಟ್ ಪ್ಯಾಟ್ರಿಕ್ ಹಬ್ಬದೊಳಗೆ ಕಾಗದ ಹೋಗ್ಬೇಕು. ಆಮೇಲೆ ಯಾರಿಗೂ ರಜಾ ಸಿಗಲ್ಲ” ಅಂದಳು ಆಗ್ನೆಸ್.

ಏಪ್ರಿಲ್‌ನಲ್ಲಿ ಒಂಟಾರಿಯೊಗೆ, ಮಗಳ ಮನೆಗೆ, ಹೋಗಿಬಿಡುತ್ತೇನೆ ಅಂದೆ. ಏಪ್ರಿಲ್ ಬರುವುದು ಮಾರ್ಚ್ ಆದಮೇಲೆ ಅಂದಳು. ಕೊನೆಗೆ ಒಂದು ಷರತ್ತು ಹಾಕಿದೆ: ಆ ನಾಲ್ಕು ಮನೆಯವರಲ್ಲಿ ಯಾರಾದರೂ ಒಬ್ಬರು ನನ್ನ ಪಕ್ಕದಲ್ಲೇ ಕೂತು ಪ್ರತಿ ಹಾಳೆ ನೋಡಬೇಕು. ಅವಳು ಎಷ್ಟು ಬೇಗ ಒಪ್ಪಿದಳೆಂದರೆ, ಆ ಒಬ್ಬರನ್ನು ಮೊದಲೇ ಗೊತ್ತುಮಾಡಿಕೊಂಡು ಬಂದಿದ್ದಳು ಅಂತ ಈಗ ಅನ್ನಿಸುತ್ತಿದೆ.

ಗುರುವಾರ, ಜನವರಿ 15

ಆ ಒಬ್ಬರು ಡರ್ಮಟ್ ಓ'ಡ್ರಿಸ್ಕಾಲ್. ಹಡಗುಗಳಲ್ಲಿ ರೇಡಿಯೋ ರಿಪೇರಿ ಮಾಡಿಕೊಂಡು ಮೂವತ್ತು ವರ್ಷ ಹ್ಯಾಲಿಫ್ಯಾಕ್ಸ್‌ನಲ್ಲಿದ್ದ ಮನುಷ್ಯ. ನಿವೃತ್ತನಾಗಿ ಎರಡು ವರ್ಷದ ಹಿಂದೆ ತಾಯಿಯ ಖಾಲಿ ಮನೆಗೆ ಬಂದು ಸೇರಿದ್ದಾನೆ. ಒಂಟಿ. ಎರಡು ವರ್ಷದಲ್ಲಿ ನನಗೆ ಎರಡು ಸಲ ತಲೆ ಅಲ್ಲಾಡಿಸಿರಬಹುದು, ಅದೂ ಗಾಳಿಗೆ ಟೋಪಿ ಹಾರುತ್ತಿದ್ದಾಗ.

ಅಗ್ನಿಶಾಮಕದವರ ಗಾಡಿ ನಿಲ್ಲಿಸುವ ಶೆಡ್ಡಿನ ಮೇಲಿನ ಕೋಣೆಯಲ್ಲಿ ಕೂತೆವು. ಹೀಟರು ಕಾಲಿಗೆ ಮಾತ್ರ ತಾಗುತ್ತದೆ. ಕಂಪ್ಯೂಟರ್ ಹಚ್ಚಿದೆ, ಫಾರ್ಮ್ ತೆರೆದೆ. ಹೆಸರು, ಊರು, ಫೋನು, ಎಲ್ಲ ಚೌಕಗಳೂ ಖಾಲಿ. ಒಬ್ಬನೇ ಒಬ್ಬ ಮನುಷ್ಯನಿಲ್ಲ. ಸಾವಿರದ ನೂರ ನಲವತ್ತಾರು ಜನರನ್ನು ನಾನೇ ಬಾಯಿಗೆ ಹಾಕಿಕೊಂಡವಳ ಹಾಗೆ ಅವನು ನನ್ನನ್ನು ನೋಡಿದ.

ಆಮೇಲೆ ಪರದೆಯ ಕೆಳಗಡೆ, ಇರುವೆಯಷ್ಟು ಅಕ್ಷರದಲ್ಲಿ, ‘ಫಿಲ್ಟರ್ ಆಗಿದೆ’ ಅಂತ ಇದ್ದದ್ದು ಕಣ್ಣಿಗೆ ಬಿತ್ತು. ಈ ಫಿಲ್ಟರ್ ಅನ್ನುವುದು ಜರಡಿ ಇದ್ದ ಹಾಗೆ. ಬೇಕಾದ ಹೆಸರನ್ನು ಮಾತ್ರ ಉಳಿಸಿ ಮಿಕ್ಕದ್ದನ್ನು ಮರೆಮಾಡುತ್ತದೆ, ಅಳಿಸುವುದಿಲ್ಲ. ಕೊನೆಯ ಸಲ ಯಾರೋ ತಮಾಷೆಗೆ ‘ಸಾಂಟಾ ಕ್ಲಾಸ್’ ಅಂತ ಹುಡುಕಿ ಆ ಜರಡಿಯನ್ನು ಹಾಗೇ ಉಳಿಸಿ ಹೋಗಿದ್ದರು. ತೆಗೆದೆ. ಊರೆಲ್ಲ ವಾಪಸು ಬಂತು.

“ಇವರೆಲ್ಲ ಇಲ್ಲೇ ಇದ್ರಾ?” ಅಂದ. ಇವತ್ತು ಅವನ ಬಾಯಿಂದ ಬಂದದ್ದು ಅದೊಂದೇ ಮಾತು.

ಶುಕ್ರವಾರ, ಜನವರಿ 16

‘ಬಿ’ ಅಕ್ಷರದ ವಿಳಾಸಗಳು ಮುಗಿದವು. ಓ'ಡ್ರಿಸ್ಕಾಲ್ ಸೀಟಿ ಹೊಡೆಯುತ್ತಾನೆ. ಕಿರಿಕಿರಿ.

ಮಂಗಳವಾರ, ಜನವರಿ 27

ಮೇಲಿನ ಪಟ್ಟಿಯಿಂದ ಒಂದು ಮನೆತನದ ಹೆಸರು ಆರಿಸಿದರೆ ಫಾರ್ಮು ಆ ಮನೆತನದವರನ್ನು ಮಾತ್ರ ತೋರಿಸುತ್ತದೆ. ಹಾಗೆ ಒಂದೊಂದೇ ಮನೆಯ ವಿಳಾಸ ಸರಿಮಾಡುತ್ತ ಇವತ್ತು ಮಧ್ಯಾಹ್ನ ‘ನೋಲನ್’ ಮುಗಿಸಿ ‘ಓ'ಡೀ’ ಆರಿಸಿದೆ.

ಪರದೆಯಲ್ಲಿ ನೋಲನ್ನರು ಅಲುಗಾಡಲಿಲ್ಲ. ಮತ್ತೆ ಆರಿಸಿದೆ. ನಮ್ಮ ಚಿಕ್ಕಪ್ಪ ಆಂಬ್ರೋಸ್ ನೋಲನ್ ಹಾಗೇ ಕೂತಿದ್ದ. ಓ'ಡ್ರಿಸ್ಕಾಲ್ ಆರಿಸಿದೆ. ಆಂಬ್ರೋಸ್ ನೋಲನ್. ಓ'ಕೀಫ್. ಆಂಬ್ರೋಸ್ ನೋಲನ್. ತಪ್ಪಾಗಿದೆ ಅಂತ ಆ ಯಂತ್ರ ಒಂದು ಮಾತೂ ಹೇಳಲಿಲ್ಲ.

“ಪುನಃ ಅದೇನಾ ಮಿಸೆಸ್ ಟೋಬಿನ್?” ಅಂದ ಪಕ್ಕದಲ್ಲಿದ್ದವನು, ಮೆಲ್ಲಗೆ. ಟೋಪಿ ಹಾಕಿಕೊಂಡು ಇಳಿದು ಹೋದ.

ಅವನು ಬೈದಿದ್ದರೆ ನಾನೂ ಬೈಯಬಹುದಿತ್ತು. ಮನೆಗೆ ಬಂದು ಕಾಕಂಬಿ ಬನ್ನು ಬೇಯಿಸಿದೆ, ಎರಡು ಡಜನ್. ತಿನ್ನುವವರು ಯಾರು ಅಂತ ಒಲೆ ಆರಿಸಿದ ಮೇಲೆ ನೆನಪಾಯಿತು.

ಬುಧವಾರ, ಜನವರಿ 28

ಬರುವುದಿಲ್ಲ ಅಂದುಕೊಂಡಿದ್ದೆ. ಒಂಬತ್ತಕ್ಕೆ ನನಗಿಂತ ಮೊದಲೇ ಬಂದು ಹೀಟರು ಹಚ್ಚಿ ಕೂತಿದ್ದ. ಮುಂದೆ ಒಂದು ನೋಟ್‌ಬುಕ್ಕು.

ನಿನ್ನೆ ಮನೆಗೆ ಹೋಗಿ ಯೋಚನೆ ಮಾಡಿದನಂತೆ. ನಾನು ಬೇಕೆಂತಲೇ ಮಾಡುವವಳಾದರೆ ಅವನ ಕಣ್ಣೆದುರಿಗೆ, ಮೂರು ಸಲ, ಬೆವರುತ್ತ ಮಾಡುತ್ತಿರಲಿಲ್ಲ ಅನ್ನಿಸಿತಂತೆ. “ರೇಡಿಯೋ ಕೆಟ್ರೆ ಸಮುದ್ರನ ಬಯ್ತಾ ಕೂರಲ್ಲ ನಾವು. ಒಂದೊಂದೇ ತಂತಿ ಬಿಡಿಸಿ ನೋಡ್ತೀವಿ” ಅಂದ. ಕ್ಷಮಿಸಿ ಅನ್ನಲಿಲ್ಲ. ಬನ್ನು ಮೂರು ತಿಂದ.

ಒಂದೊಂದೇ ಹೆಸರು ಆರಿಸುತ್ತ ಹೋದೆ. ಅವನು ಬಂದದ್ದಕ್ಕೆ ಟಿಕ್ಕು, ಬಾರದ್ದಕ್ಕೆ ಸೊನ್ನೆ ಹಾಕಿದ. ನಾಲ್ಕೇ ಸೊನ್ನೆ. ಓ ಅಕ್ಷರವೇ ಇದಕ್ಕೆ ಆಗದು ಅಂದೆ ನಾನು. ಅಷ್ಟರಲ್ಲಿ ‘ಓಸ್ಮಂಡ್’ ಆರಿಸಿದರೆ ಓಸ್ಮಂಡರು ಸಾಲಾಗಿ ಬಂದು ನಿಂತರು. ಇಬ್ಬರೂ ಪರದೆಗೆ ಮೂಗು ತಾಗಿಸಿ ಕೂತೆವು. ಓಸ್ಮಂಡರಿಗಿಲ್ಲದ್ದು ಓ'ಡ್ರಿಸ್ಕಾಲರಿಗೆ ಏನಿದೆ?

ಓ ಅಕ್ಷರದ ಪಕ್ಕ, ಮೇಲ್ಗಡೆ ನೇತಾಡುವ ಅಲ್ಪವಿರಾಮದಂಥ ಗೀಟು.

ಪರೀಕ್ಷೆ ಮಾಡೋಣ ಅಂದ. ನನ್ನನ್ನು ಕೇಳದೆ ನಮ್ಮ ಚಿಕ್ಕಪ್ಪನ ಹೆಸರಿನೊಳಗೆ ಒಂದು ಗೀಟು ತುರುಕಿ ‘ನೋ'ಲನ್’ ಅಂತ ಮಾಡಿದ. ಹುಡುಕಿದರೆ ಆಂಬ್ರೋಸ್ ನೋಲನ್ ಪತ್ತೆಯಿಲ್ಲ. ಎಂಬತ್ತೆಂಟು ವರ್ಷ ಬದುಕಿ ಊರೆಲ್ಲ ದಬಾಯಿಸಿದ ಮನುಷ್ಯ ಒಂದು ಗೀಟಿಗೆ ಮಾಯವಾಗಿದ್ದ. ನನಗೆ ನಗು ತಡೆಯಲಿಲ್ಲ. ಕೆಳಗೆ ಪಂಪು ತೊಳೆಯುತ್ತಿದ್ದವರು ಮೇಲೆ ಬಂದು ಏನಾಯಿತು ಅಂತ ಕೇಳಿದರು.

ಸೋಮವಾರ, ಫೆಬ್ರವರಿ 2

ಈ ಫಾರ್ಮ್ ಮಾಡಿಕೊಟ್ಟವರು ಹ್ಯೂ ಮೇಷ್ಟ್ರು. ಆಗ ಇಲ್ಲಿಯ ಶಾಲೆಯಲ್ಲಿದ್ದರು, ಈಗ ಸೇಂಟ್ ಜಾನ್ಸ್‌ನಲ್ಲಿದ್ದಾರೆ. ಇವತ್ತು ಫೋನಿನಲ್ಲಿ ಸಿಕ್ಕರು. ಅರ್ಧ ಮಾತಿಗೇ ಅವರಿಗೆ ಹೊಳೆದುಹೋಯಿತು.

ಜರಡಿಗೆ ಹೆಸರು ಹೇಳುವಾಗ ಹೆಸರಿನ ಹಿಂದೊಂದು ಮುಂದೊಂದು ಅಂಥದೇ ಗೀಟು ಹಾಕಿ ಕೊಡಬೇಕಂತೆ, ಹೆಸರು ಇಲ್ಲಿಂದ ಇಲ್ಲಿಯವರೆಗೆ ಅಂತ. ಓ'ಡ್ರಿಸ್ಕಾಲ್ ಅಂದರೆ ನಡುವಿನ ಗೀಟು ಕಂಡ ಕೂಡಲೆ ಹೆಸರು ಅಲ್ಲಿಗೇ ಮುಗಿಯಿತು ಅಂದುಕೊಳ್ಳುತ್ತದೆ. ಮಿಕ್ಕ ‘ಡ್ರಿಸ್ಕಾಲ್’ ಏನೆಂದು ತಿಳಿಯದೆ ಕೈಚೆಲ್ಲುತ್ತದೆ. ಹೊಸ ಜರಡಿ ಬರುವುದಿಲ್ಲ, ಹಳೆಯದೇ ಉಳಿಯುತ್ತದೆ.

ಹಾಗಾದರೆ ತಪ್ಪಾಗಿದೆ ಅಂತ ಅದು ಯಾಕೆ ಹೇಳಲಿಲ್ಲ ಅಂತ ಡರ್ಮಟ್ ಕೇಳಿದ. ತಪ್ಪಾದರೂ ಬಾಯಿ ಮುಚ್ಚಿಕೊಂಡು ಮುಂದಕ್ಕೆ ಹೋಗು ಅಂತ ಯಂತ್ರಕ್ಕೆ ಒಂದು ಸಾಲು ಮೇಷ್ಟ್ರೇ ಬರೆದಿಟ್ಟಿದ್ದರಂತೆ. “ನಿಮಗೆ ತೊಂದರೆ ಆಗ್ಬಾರ್ದು ಅಂತ ಬರೆದೆ ಕಣಮ್ಮ” ಅಂದರು. ಹತ್ತು ವರ್ಷ ನನಗಾದದ್ದನ್ನು ಅವರಿಗೆ ಹೇಳಬೇಕು ಅಂತ ಬಾಯಿಗೆ ಬಂದಿತ್ತು. ಎಪ್ಪತ್ತಮೂರರ ಮುದುಕರು. ಮದ್ದೇನು ಅಂತ ಕೇಳಿದೆ.

ಮದ್ದು ಸುಲಭ: ಹೆಸರಿನೊಳಗೆ ಗೀಟಿದ್ದರೆ ಜರಡಿಗೆ ಕೊಡುವಾಗ ಅದನ್ನು ಎರಡು ಸಲ ಬರೆಯುವಂತೆ ಮಾಡುವುದು. ಆಗ ಅದು ಹೆಸರಿನದೇ ಗೀಟು ಅಂತ ತಿಳಿದುಕೊಳ್ಳುತ್ತದೆ. ಬಾಯಿ ಮುಚ್ಚಿಸುವ ಸಾಲನ್ನು ಡರ್ಮಟ್ ಅಳಿಸಿದ, ನಾನು ಗೀಟಿನ ಸಾಲು ಸೇರಿಸಿದೆ. ಓ'ಡೀ ಆರಿಸಿದೆ. ಓ'ಡೀಗಳು ಬಂದರು.

ಖುಷಿಗೆ ಕೈ ತಟ್ಟಿದೆ. ತಿರುಗಿ ನೋಡಿದರೆ ಅವನು ಬೆರಳು ಮಡಚಿ ಎಣಿಸುತ್ತಿದ್ದ. ‘ಎಲ್ಲ ಅಚ್ಚು ಹಾಕು’ ಅನ್ನುವ ಗುಂಡಿ ಒತ್ತಿದರೆ ಯಂತ್ರ ಅಕ್ಷರದ ಸಾಲಿನಲ್ಲಿ ಒಂದೊಂದೇ ಮನೆಗೆ ಜರಡಿ ಹಿಡಿದು ಚೀಟಿ ಅಚ್ಚು ಹಾಕುತ್ತ ಹೋಗುತ್ತದೆ. ನೋಲನ್ ಆದಮೇಲೆ ನಾಲ್ಕು ಓ ಮನೆಗಳು. ನಾಲ್ಕಕ್ಕೂ ಜರಡಿ ಬದಲಾಗಿಲ್ಲ. ನಾಲ್ಕು ಸಲವೂ ನೋಲನ್ನರೇ ಅಚ್ಚಾಗಿದ್ದಾರೆ.

“ಒಂದು ನಿಮ್ದು. ಮಿಕ್ಕ ನಾಲ್ಕು ನಮ್ದು” ಅಂದ. “ನಮ್ಮ ಕಾಗದಗಳೇ ನಿಮ್ಮನೆಗೆ ಬಂದಿದ್ದು, ಬರ್ನಡೀನ್.”

ಹೀಟರಿನ ಕಡೆ ತಿರುಗಿ ಕೂತೆ. ಹೊಗೆಯೇನೂ ಇರಲಿಲ್ಲ, ಆದರೂ ಕಣ್ಣಲ್ಲಿ ನೀರು ಬರುತ್ತಿತ್ತು. ಅವನು ಎದ್ದು ಹೋಗಿ ಚಹಾ ಮಾಡಿಕೊಂಡು ಬಂದ. ಸಕ್ಕರೆ ಎಷ್ಟು ಅಂತ ಕೇಳಲಿಲ್ಲ. ಸರಿಯಾಗಿಯೇ ಹಾಕಿದ್ದ.

ಮಂಗಳವಾರ, ಫೆಬ್ರವರಿ 3

ಆಗ್ನೆಸ್‌ಗೆ ಹೇಳಿದ್ದು ಒಂಬತ್ತೂವರೆಗೆ. ಹನ್ನೊಂದಕ್ಕೆ ಊರಿಗೇ ಗೊತ್ತು. ಅಂಚೆ ಕಚೇರಿಯಲ್ಲಿ ಬಿಲ್ಲು, ಬೀಜದ ಕ್ಯಾಟಲಾಗು ತೆಗೆದುಕೊಳ್ಳಲು ಬಂದ ಒಬ್ಬೊಬ್ಬರಿಗೂ ಕಾಗದದ ಮೇಲೆ ಗೀಟು ಬರೆದು ತೋರಿಸಿ ಕಳಿಸಿದ್ದಾಳೆ.

ಸಂಜೆ ನಾಲ್ಕಕ್ಕೆ ಮಿಸೆಸ್ ಓ'ಲಿಯರಿ ಬಾಗಿಲು ತಟ್ಟಿದರು. ಎಂಬತ್ತು ದಾಟಿದವರು, ಹಿಮದಲ್ಲಿ ನಡೆದು ಬಂದಿದ್ದರು. ಬಾಟಲಿಯಲ್ಲಿಟ್ಟ ಮೊಲದ ಮಾಂಸ ಎರಡು ಬಾಟಲಿ ಮೇಜಿನ ಮೇಲಿಟ್ಟರು. ಹವೆಯ ಬಗ್ಗೆ, ಮಂಡಿ ನೋವಿನ ಬಗ್ಗೆ ಮಾತಾಡಿದರು. ಹೊರಡುವಾಗ, “ಗುರುವಾರ ಇಸ್ಪೀಟಿಗೆ ಒಂದು ಕೈ ಕಡಿಮೆ ಇದೆ ಕಣಮ್ಮ” ಅಂದರು.

ಹತ್ತು ವರ್ಷದಿಂದ ಒಂದು ಕೈ ಕಡಿಮೆ ಇತ್ತು ಅಂತ ನಾನು ಹೇಳಲಿಲ್ಲ. ಗುರುವಾರ ಎಷ್ಟು ಗಂಟೆಗೆ ಅಂತ ಕೇಳಿದೆ.

ಗುರುವಾರ, ಫೆಬ್ರವರಿ 12

ಇಸ್ಪೀಟಿನಲ್ಲಿ ಸೋತೆ. ಎಲ್ಲರೂ ನನ್ನನ್ನು ಬೈದರು, ಅದರಲ್ಲೂ ಮಿಸೆಸ್ ಓ'ಲಿಯರಿ. ಬಹಳ ಚೆನ್ನಾಗಿತ್ತು.

ಡರ್ಮಟ್ ಮನೆಯವರೆಗೆ ಜೊತೆಗೆ ಬಂದ, ದಾರಿಯಲ್ಲಿ ಮಂಜು ಗಟ್ಟಿಯಾಗಿ ಜಾರುತ್ತಿತ್ತು. ಆಗ ಅವನ ತಾಯಿಯ ಸಂಗತಿ ಹೇಳಿದ. ಆ ವರ್ಷ ಆಕೆಗೆ ಎಂಬತ್ತನಾಲ್ಕು. ಹ್ಯಾಲಿಫ್ಯಾಕ್ಸ್‌ನಲ್ಲಿರುವ ಇಬ್ಬರು ಗಂಡುಮಕ್ಕಳಿಗೂ ಕಾಗದ ಹೋಗಿಲ್ಲ ಅಂತ ಗೊತ್ತಾದಾಗ ಫೋನು ಮಾಡಿ, ಕರೆಯದ ಊರಿಗೆ ಬರಬೇಡಿ ಅಂದಳಂತೆ. ಇವರಿಬ್ಬರೂ ಬರಲಿಲ್ಲ. ಆ ವಾರವೆಲ್ಲ ಅವಳು ಕಿಟಕಿಗೆ ಪರದೆ ಎಳೆದುಕೊಂಡು ಒಳಗೇ ಇದ್ದಳು. ಮುಂದಿನ ಚಳಿಗಾಲ ದಾಟಲಿಲ್ಲ. ತಮ್ಮ ಫಿನ್‌ಬಾರ್ ಮಣ್ಣಿಗೆ ಬಂದವನು ಆಮೇಲೆ ಈ ಊರಿನ ಕಡೆ ತಲೆಯಿಟ್ಟು ಮಲಗಿಲ್ಲ.

ನನ್ನನ್ನು ಇಷ್ಟು ದಿನ ದ್ವೇಷಿಸಿದ್ದೆಯಾ ಅಂತ ಕೇಳಿದೆ.

“ಸುಲಭ ಆಗ್ತಿತ್ತು” ಅಂದ. “ಯಾರಾದ್ರೂ ಒಬ್ರು ಮಾಡಿದ್ದು ಅಂದ್ಕೊಂಡ್ರೆ ಸುಲಭ. ಈಗ ನೋಡು, ಒಂದು ಗೀಟಿನ ಮೇಲೆ ಹೇಗೆ ಸಿಟ್ಟು ಮಾಡ್ಕೊಳ್ಳೋದು?”

ಮೆಟ್ಟಿಲ ಮೇಲಿನ ಮಂಜಿಗೆ ಉಪ್ಪು ಎರಚಿ ಹೋದ. ನಾಳೆ ನಾನೇ ಎರಚಬಹುದಿತ್ತು.

ಮಂಗಳವಾರ, ಫೆಬ್ರವರಿ 24

ಎಲ್ಲ ಸರಿಹೋಯಿತು ಅಂದುಕೊಂಡಿದ್ದೆವು. ಇವತ್ತು ಲೆಕ್ಕ ತಾಳೆಯಾಗಲಿಲ್ಲ. ಒಟ್ಟು 1,146 ಜನ. ತೀರಿಕೊಂಡವರು ಅಂತ ಗುರುತು ಹಾಕಿದ್ದು 212. ಮಿಕ್ಕವರು 934 ಇರಬೇಕು. ‘ತೀರಿಕೊಂಡವರನ್ನು ಬಿಟ್ಟು’ ಅಂತ ಜರಡಿ ಹಿಡಿದರೆ ಬಂದದ್ದು 893. ನಲವತ್ತೊಂದು ಜನ ಎಲ್ಲಿ?

ಎರಡು ಗಂಟೆ ಹುಡುಕಿ ನಾನೇ ಕಂಡುಹಿಡಿದೆ. ಸ್ಥಿತಿ ಅನ್ನುವ ಚೌಕದಲ್ಲಿ ‘ಇದ್ದಾರೆ’ ಅಥವಾ ‘ತೀರಿಕೊಂಡರು’ ಅಂತ ಬರೆದಿರಬೇಕು. ಈ ನಲವತ್ತೊಂದು ಜನರಿಗೆ ಏನೂ ಬರೆದಿಲ್ಲ. ಖಾಲಿ ಇದ್ದರೆ ಯಂತ್ರ ಹೌದು ಅನ್ನುವುದಿಲ್ಲ, ಅಲ್ಲ ಅನ್ನುವುದೂ ಇಲ್ಲ, ಎರಡು ಕಡೆಯಿಂದಲೂ ಬಿಟ್ಟುಬಿಡುತ್ತದೆ. ಖಾಲಿ ಇದ್ದವರನ್ನೂ ಸೇರಿಸು ಅಂತ ಜರಡಿಗೆ ಬೇರೆಯಾಗಿ ಹೇಳಬೇಕು. ಹೇಳಿದೆ. ಬಂದರು. ಡರ್ಮಟ್ ಕುರ್ಚಿಯಿಂದ ಎದ್ದು ನನಗೆ ಬಗ್ಗಿ ನಮಸ್ಕಾರ ಮಾಡಿದ. ಹುಚ್ಚು.

ಆದರೆ ಅವರಲ್ಲಿ ಯಾರಿದ್ದಾರೆ ಯಾರಿಲ್ಲ ಅಂತ ಈಗ ಒಬ್ಬೊಬ್ಬರಿಗೂ ಫೋನು ಮಾಡಿ ಕೇಳಬೇಕು. ತೀರಿಕೊಂಡವರ ಹೆಸರಿಗೆ ಆಮಂತ್ರಣ ಹೋದರೆ ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿಲ್ಲ.

ಸಂಜೆ ಸಭಾಭವನದಲ್ಲಿ ಪ್ಯಾನ್‌ಕೇಕ್ ಊಟ, ನಾಳೆಯಿಂದ ಉಪವಾಸದ ದಿನಗಳು ಅಂತ. ಹಿಟ್ಟಿನಲ್ಲಿ ಎಂದಿನಂತೆ ಅಂಗಿಯ ಗುಂಡಿ, ಕಾಸು, ಉಂಗುರ ಸೇರಿಸಿ ಬೇಯಿಸಿದ್ದರು. ಗುಂಡಿ ಸಿಕ್ಕಿದವರು ಒಂಟಿ, ಉಂಗುರ ಸಿಕ್ಕಿದವರಿಗೆ ಮದುವೆ. ನನ್ನ ಹಲ್ಲಿಗೆ ಉಂಗುರ ಸಿಕ್ಕಿತು. ದವಡೆ ಹಲ್ಲು ಇನ್ನೂ ನೋಯುತ್ತಿದೆ. ಆಗ್ನೆಸ್ ಮೇಜು ಬಡಿದು ಎಲ್ಲರಿಗೂ ಸಾರಿದಳು. ಆ ತಟ್ಟೆಗೆ ಬಡಿಸಿದವಳು ಅವಳೇ, ನನಗೆ ಅನುಮಾನವಿದೆ. ಡರ್ಮಟ್‌ನ ಮುಖ ಬೀಟ್‌ರೂಟಿನ ಹಾಗೆ ಕೆಂಪಾಗಿತ್ತು. ಒಳಗೆ ಸೆಕೆ ಇತ್ತು.

ಬುಧವಾರ, ಮಾರ್ಚ್ 4

ದಿನವೆಲ್ಲ ಫೋನು. ನೇರವಾಗಿ ಬದುಕಿದ್ದೀರಾ ಅಂತ ಕೇಳುವುದು ಹೇಗೆ? ಡರ್ಮಟ್ ಒಳ್ಳೆಯ ಉಪಾಯ ಮಾಡಿದ್ದಾನೆ: ಡಾಗ್‌ಬೆರಿ ಕೋವ್‌ನಿಂದ ಮಾತಾಡುತ್ತಿದ್ದೇವೆ, ಮನೆಯಲ್ಲಿ ಎಲ್ಲ ಹೇಗಿದ್ದಾರೆ ಅಂತ ಶುರುಮಾಡುವುದು. ಮಿಕ್ಕದ್ದು ತಾನೇ ಬರುತ್ತದೆ. ಬಂದು ನಿಲ್ಲುವುದೇ ಇಲ್ಲ. ಆಲ್ಬರ್ಟಾದ ಒಬ್ಬ, ಮೂರು ವರ್ಷದ ಹುಡುಗನಾಗಿದ್ದಾಗ ನಮ್ಮಮ್ಮ ತನ್ನನ್ನು ಬಾವಿಯ ಕಟ್ಟೆಯಿಂದ ಹೇಗೆ ಎಳೆದಳು ಅಂತ ಇಪ್ಪತ್ತು ನಿಮಿಷ ಹೇಳಿದ. ನನಗೆ ಗೊತ್ತೇ ಇರಲಿಲ್ಲ.

ಬಾಸ್ಟನ್ ಹತ್ತಿರದ ರೋಸ್ ಓ'ಕೀಫ್‌ಗೆ ತೊಂಬತ್ತಮೂರು. ಅವರೇ ಫೋನು ಎತ್ತಿದರು. ನಾನು ತಡವರಿಸುತ್ತಿದ್ದ ಹಾಗೆಯೇ ಅವರಿಗೆ ಗೊತ್ತಾಗಿಹೋಯಿತು.

“ನಾನು ಸತ್ತೆ ಅಂತ ಯಾರೇ ಹೇಳಿದ್ದು?”

“ಯಾರೂ ಹೇಳಿಲ್ಲ ತಾಯಿ. ಇದ್ದೀರಿ ಅಂತಾನೂ ಯಾರೂ ಹೇಳಿರ್ಲಿಲ್ಲ.”

“ಹಾಗಾದ್ರೆ ಈಗ ಬರ್ಕೋ” ಅಂದರು. ಜುಲೈಗೆ ಬರುತ್ತಾರಂತೆ. ಕೆಳಗಿನ ಕೋಣೆಯಲ್ಲಿ ಮಲಗಲು ಜಾಗ ಬೇಕು, ಮೆಟ್ಟಿಲು ಹತ್ತುವುದಿಲ್ಲ, ಆದರೆ ಕುಣಿಯುತ್ತಾರಂತೆ. ನಾನು ‘ಇದ್ದಾರೆ’ ಅಂತ ಟೈಪು ಮಾಡುವುದನ್ನು ಡರ್ಮಟ್ ನೋಡುತ್ತಿದ್ದ. ದೊಡ್ಡ ಅಕ್ಷರದಲ್ಲಿ ಹಾಕು ಅಂದ.

ನಲವತ್ತೊಂದರಲ್ಲಿ ಮೂವತ್ತಮೂರು ಜನ ಇದ್ದಾರೆ. ಆರು ಮಂದಿ ತೀರಿಕೊಂಡಿದ್ದಾರೆ. ಇಬ್ಬರು ಸಿಕ್ಕಲಿಲ್ಲ. ಅವರ ಹಳೆಯ ವಿಳಾಸಕ್ಕೇ ಕಾಗದ ಹಾಕುವುದು ಅಂತ ತೀರ್ಮಾನ ಮಾಡಿದೆವು.

ಸೋಮವಾರ, ಮಾರ್ಚ್ 16

ಒಂಬೈನೂರ ಇಪ್ಪತ್ತೆಂಟು ಕಾಗದ. ಚೀಟಿಗಳನ್ನು ಈ ಸಲ ನಾವಿಬ್ಬರೇ ಅಂಟಿಸಿದೆವು. ನಾನು ಹೆಸರು ಓದಿದೆ, ಅವನು ಪಟ್ಟಿಯಲ್ಲಿ ಗೆರೆ ಎಳೆದ. ನೋಲನ್ನರಿಗೆ ಒಂದೊಂದೇ. ಫಿನ್‌ಬಾರ್ ಓ'ಡ್ರಿಸ್ಕಾಲ್ ಅಂತ ಬಂದಾಗ ಆ ಲಕೋಟೆಯನ್ನು ಅವನು ತನ್ನ ಕೈಗೆ ತೆಗೆದುಕೊಂಡು ಅಂಚುಗಳನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ಅಂಟಿಸಿದ.

ಆಗ್ನೆಸ್ ಒಂದೊಂದಕ್ಕೂ ಅವಳೇ ಠಸ್ಸೆ ಹೊಡೆದಳು. ಕೈ ನೋಯುತ್ತದೆ ಅಂತ ದೂರು, ನಾವು ಹೊಡೆಯುತ್ತೇವೆ ಅಂದರೆ ಕೊಡಲೂ ಇಲ್ಲ.

ಶನಿವಾರ, ಏಪ್ರಿಲ್ 18

ಒಂಟಾರಿಯೊದಿಂದ ಮಗಳು ಕಾಲೀನ್ ಫೋನು ಮಾಡಿದ್ದಳು. ಅಮ್ಮ, ಟಿಕೆಟ್ಟು ಯಾವತ್ತಿಗೆ ತೆಗೀಲಿ ಅಂದಳು. ಯಾವ ಟಿಕೆಟ್ಟು ಅಂದೆ. ಅವಳು ನಗುವುದಕ್ಕೆ ಶುರುಮಾಡಿದಳು. ಯಾಕೆ ಅಂತ ಹೇಳಲಿಲ್ಲ.

ಜುಲೈಗೆ ಅವಳೇ ಬರಲಿ, ಅದು ವಾಸಿ. ಈಗ ನನಗೆಲ್ಲಿ ಪುರುಸೊತ್ತು? ದಿನಕ್ಕೆ ಹತ್ತು ಉತ್ತರ ಬರುತ್ತಿವೆ, ಎಲ್ಲರ ಹೊಸ ವಿಳಾಸ ಫಾರ್ಮಿಗೆ ಏರಿಸಬೇಕು. ಡರ್ಮಟ್ ಟೈಪು ಮಾಡುವುದು ಎರಡೇ ಬೆರಳಿನಲ್ಲಿ.

ಫಿನ್‌ಬಾರ್‌ನಿಂದ ಏನೂ ಬಂದಿಲ್ಲ.

ಭಾನುವಾರ, ಮೇ 24

ಡರ್ಮಟ್ ನನ್ನ ಚಿಮಣಿ ಗುಡಿಸಿದ. ಅವನ ಆಲೂಗೆಡ್ಡೆ ಪಾತಿಗೆ ನಾನು ಗೊಬ್ಬರಕ್ಕೆ ಕಡಲಪಾಚಿ ಹಾಕಿದೆ. ಫಿನ್‌ಬಾರ್‌ನ ಕಾಗದ ಈ ವಾರವೂ ಇಲ್ಲ. ಡರ್ಮಟ್ ಕೇಳುವುದಿಲ್ಲ, ಆಗ್ನೆಸ್‌ನ ಕಿಟಕಿಯ ಮುಂದೆ ಸುಮ್ಮನೆ ನಿಂತು ಬರುತ್ತಾನೆ. ನನಗೆ ಅದನ್ನು ನೋಡಲಾಗುವುದಿಲ್ಲ.

ಶನಿವಾರ, ಜುಲೈ 18

ಏಳು ಗಂಟೆಗೇ ಕಾರುಗಳು ಶುರು. ಸಭಾಭವನದ ಬಾಗಿಲಲ್ಲಿ ಮೇಜು ಹಾಕಿಕೊಂಡು ಹೆಸರಿನ ಬಿಲ್ಲೆ ಕೊಡುವುದು ನನ್ನ ಕೆಲಸ. ಕಂಪ್ಯೂಟರನ್ನು ಮೇಲಿನ ಕೋಣೆಯಿಂದ ಇಳಿಸಿ ತಂದಿದ್ದೆವು. ಹೆಸರು ಹೇಳಿದರೆ ನಾನು ಜರಡಿ ಹಿಡಿಯುವುದು, ಅವರು ಬರುವುದು. ಓ'ಡೀಗಳು ಹತ್ತೊಂಬತ್ತು ಜನ ಒಂದೇ ಬಸ್ಸಿನಲ್ಲಿ ಬಂದರು. ರೋಸ್ ಓ'ಕೀಫ್ ಗಾಲಿಕುರ್ಚಿಯಿಂದ ಕೈ ಚಾಚಿ ನನ್ನ ಗಲ್ಲ ಹಿಂಡಿ, ನನ್ನನ್ನು ಬರ್ಕೊಂಡವಳು ನೀನೇನಾ ಅಂದರು.

ಹನ್ನೊಂದರ ಹೊತ್ತಿಗೆ ತಲೆಯೆತ್ತದೆ ಹೆಸರು ಕೇಳಿದೆ. “ಓ'ಡ್ರಿಸ್ಕಾಲ್. ಫಿನ್‌ಬಾರ್” ಅಂತ ಬಂತು. ಉತ್ತರ ಬರೆದಿರಲಿಲ್ಲ, ಬಂದೇಬಿಟ್ಟಿದ್ದ. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಒಂದು ಕೂಸು. ಜೇಬಿನಿಂದ ಆ ಲಕೋಟೆ ತೆಗೆದು ಮೇಜಿನ ಮೇಲಿಟ್ಟ. ನಾಲ್ಕು ತಿಂಗಳು ಮಡಚಿ ಬಿಚ್ಚಿ ಮೂಲೆಗಳು ಸವೆದಿದ್ದವು. ಕಾಗದವಿಲ್ಲದೆ ಒಳಗೆ ಬಿಡುವುದಿಲ್ಲ ಅಂದುಕೊಂಡಿದ್ದನೋ ಏನೋ.

ನಾನು ನೋಲನ್ ಮನೆಮಗಳು ಅಂದೆ. ಯಾಕೆ ಅದನ್ನೇ ಮೊದಲು ಹೇಳಿದೆನೋ.

“ಗೊತ್ತು” ಅಂದ ಫಿನ್‌ಬಾರ್. “ಅಣ್ಣ ಪ್ರತಿ ಭಾನುವಾರ ಫೋನ್ ಮಾಡಿ ನಿಮ್ಮ ವಿಷಯಾನೇ ಹೇಳ್ತಾನೆ. ಬರ್ತೀಯಾ ಅಂತ ಮಾತ್ರ ಒಂದು ಸಲಾನೂ ಕೇಳ್ಲಿಲ್ಲ. ಅದಕ್ಕೇ ಬಂದೆ.”

ಡರ್ಮಟ್ ಕೆಳಗೆ ದಡದಲ್ಲಿ ಕುರ್ಚಿ ಜೋಡಿಸುತ್ತಿದ್ದ. ಯಾರೋ ಕೂಗಿ ಹೇಳಿದರು. ಅವನು ಓಡಲಿಲ್ಲ. ಕೈಯಲ್ಲಿದ್ದ ಕುರ್ಚಿಯನ್ನು ಬಿಡಿಸಿ ಸರಿಯಾಗಿ ನಿಲ್ಲಿಸಿ ಆಮೇಲೆ ಗುಡ್ಡ ಹತ್ತಿ ಬಂದ. ಅಣ್ಣತಮ್ಮಂದಿರು ಒಬ್ಬರ ಭುಜ ಒಬ್ಬರು ಹಿಡಿದುಕೊಂಡು ನಿಂತರು. ಸಾಲಿನಲ್ಲಿದ್ದವರೆಲ್ಲ ಬೇರೆ ಕಡೆ ನೋಡುವ ಹಾಗೆ ಮಾಡಿದರು, ಯಾರೂ ನೋಡದೆ ಇರಲಿಲ್ಲ.

ಮಧ್ಯಾಹ್ನ ತಾಯಿಯ ಸಮಾಧಿಗೆ ಹೊರಟಾಗ ಡರ್ಮಟ್ ನನ್ನ ಮೇಜಿನ ಹತ್ತಿರ ಬಂದು, “ನೀನೂ ಬಾ” ಅಂದ. ಸಾಲು ಇನ್ನೂ ಬಾಗಿಲಾಚೆಗಿತ್ತು. ಮೊನ್ನೆಯೇ ಬಂದಿದ್ದ ಕಾಲೀನ್ ನನ್ನನ್ನು ಕುರ್ಚಿಯಿಂದ ಎಬ್ಬಿಸಿ ತಾನು ಕೂತಳು. ಸಮಾಧಿಯ ಹತ್ತಿರ ಫಿನ್‌ಬಾರ್ ಕೂಸನ್ನು ಎತ್ತಿ ಕಲ್ಲಿನ ಮೇಲಿನ ಹೆಸರು ಮುಟ್ಟಿಸಿದ. ಗಾಳಿ ಜೋರಾಗಿತ್ತು. ಡರ್ಮಟ್ ತನ್ನ ಟೋಪಿಯನ್ನು ನನ್ನ ಕೈಗೆ ಕೊಟ್ಟಿದ್ದ. ಸಂಜೆಯವರೆಗೆ ಅದು ನನ್ನ ಕೈಯಲ್ಲೇ ಇತ್ತು, ರೋಸ್ ಓ'ಕೀಫ್ ತೋರಿಸುವವರೆಗೆ ನಾನು ಗಮನಿಸಿರಲಿಲ್ಲ.

ಶುಕ್ರವಾರ, ಆಗಸ್ಟ್ 14

ಇದರಲ್ಲಿ ಬರೆದು ತಿಂಗಳಾಗುತ್ತ ಬಂತು.

ಬೆಟ್ಟದ ಮೇಲಿನ ಜೌಗಿನಲ್ಲಿ ಬೇಕ್‌ಆಪಲ್ ಅನ್ನುವ ಹಳದಿ ಕಾಡುಹಣ್ಣು ಬಿಟ್ಟಿದೆಯಂತೆ, ಈ ವರ್ಷ ಯಥೇಚ್ಛ. ಡರ್ಮಟ್ ಎರಡು ಬಕೆಟ್ಟು ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಾನೆ. ಸೊಳ್ಳೆಗೆ ಪೂರ್ತಿ ತೋಳಿನ ಅಂಗಿ ಹಾಕಿಕೋ ಅಂತ ಮೂರನೆಯ ಸಲ ಹೇಳಿದ. ಏನು ಬರೀತಿದೀಯ ಅಂತ ಈಗ ಕೇಳಿದ.

ಏನೂ ಇಲ್ಲ ಅಂದೆ. ನಿಜವಾಗಿಯೂ ಬರೆಯುವಂಥದ್ದೇನೂ ಆಗಿಲ್ಲ. ಬಿಸಿಲಿದೆ. ಬ್ರೆಡ್ಡು, ಚಹಾ ಕಟ್ಟಿಕೊಂಡಿದ್ದೇನೆ. ಹೊರಟೆವು.